ವರಲಕ್ಷ್ಮಮ್ಮನ ರಕ್ತದಲ್ಲಿ ಇಲ್ಲದ್ದು

ಬಿಂದುಶ್ರೀ ರಕ್ತದ ವಿಜ್ಞಾನಿ ಎಂಬುದನ್ನು ದೊಡ್ಡಬಳ್ಳಾಪುರದಲ್ಲಿ ಯಾರೂ ನಂಬಿರಲಿಲ್ಲ. ರಕ್ತ ಪರೀಕ್ಷೆ ಮಾಡುವವಳು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅವಳ ಅಪ್ಪ ಕೆಂಪರಾಜು ಮನೆಯ ಹಿಂಬದಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುತ್ತಿದ್ದ. ಮಗಳು ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಕೆಂಪು ರಕ್ತಕಣಗಳ ಮೇಲೆ ಕೆಲಸ ಮಾಡುತ್ತಾಳೆ ಎಂದು ಬಂದವರಿಗೆಲ್ಲ ಮಗ್ಗಗಳ ಸದ್ದಿನ ನಡುವೆ ಕೂಗಿ ಹೇಳುತ್ತಿದ್ದ. ಬಂದವರಿಗೆ ‘ರಕ್ತ’ ಅನ್ನುವುದಷ್ಟೇ ಕೇಳಿಸುತ್ತಿತ್ತು. ಹೀಗಾಗಿ ಅವಳು ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಶುಗರ್ ರಿಪೋರ್ಟ್ ಹಿಡಿದು ಬಾಗಿಲಲ್ಲಿ ಕೂತಿರುತ್ತಿದ್ದರು. ಮೊದಮೊದಲು ಅವಳು ತನ್ನ ಕೆಲಸ ಅದಲ್ಲ ಎಂದು ವಿವರಿಸುತ್ತಿದ್ದಳು. ಆಮೇಲಾಮೇಲೆ ರಿಪೋರ್ಟ್ ನೋಡಿ, ಅನ್ನ ಕಮ್ಮಿ ಮಾಡಿ ಎಂದು ಹೇಳಿ ಕಳಿಸುವುದನ್ನು ರೂಢಿ ಮಾಡಿಕೊಂಡಳು. ಅದಕ್ಕೆ ಪಿಎಚ್‌ಡಿ ಬೇಕಿರಲಿಲ್ಲ. ಆದರೆ ಅವಳ ಪಿಎಚ್‌ಡಿಯಿಂದ ಊರಿಗೆ ಆಗಿದ್ದ ಉಪಕಾರ ಅದೊಂದೇ.

ಅಸಲಿಗೆ ರಕ್ತ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕಾಲೇಜಿನಲ್ಲಿ ಮೊದಲ ಸಲ ತನ್ನ ಬೆರಳಿಗೆ ತಾನೇ ಸೂಜಿ ಚುಚ್ಚಿಕೊಂಡಾಗ ತಲೆ ತಿರುಗಿ ಬಿದ್ದಳು. ಸಿಂಕಿನ ಅಂಚು ಹಣೆಗೆ ಬಡಿಯಿತು. ಒಂದು ಹನಿ ರಕ್ತ ನೋಡಲು ಹೋದವಳು ಲೋಟಗಟ್ಟಲೆ ನೋಡಿದಳು. ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಮೇಷ್ಟ್ರು ಸಸ್ಯಶಾಸ್ತ್ರ ತೆಗೆದುಕೊಳ್ಳಲು ಬುದ್ಧಿ ಹೇಳಿದರು. ಗಿಡಗಳಲ್ಲಿ ಈ ತಾಪತ್ರಯ ಇಲ್ಲವಂತೆ. ಆ ಮಾತಿಗೆ ಸಿಟ್ಟು ಬಂದು ಅವಳು ರಕ್ತವನ್ನೇ ಹಿಡಿದಳು. ಈ ಕ್ಷೇತ್ರಕ್ಕೆ ಬರಲು ಜನಸೇವೆಯ ಹಂಬಲ ಕಾರಣವೇ ಎಂದು ಮುಂದೆ ಸಂದರ್ಶನಗಳಲ್ಲಿ ಕೇಳಿದಾಗ ಹೌದು ಎನ್ನುತ್ತಿದ್ದಳು. ಇದ್ದದ್ದು ಸಿಟ್ಟು.

ದಾನಿಗಳಿಂದ ತೆಗೆದ ರಕ್ತವನ್ನು ಫ್ರಿಜ್ಜಿನಲ್ಲಿ ಇಟ್ಟರೆ ಕೆಂಪುಕಣಗಳಿಗೆ ಏನಾಗುತ್ತದೆ ಎಂಬುದು ಅವಳ ವಿಷಯ. ಹೊಸ ಕಣ ನಡುವೆ ಹೆಬ್ಬೆರಳಿನಿಂದ ಒತ್ತಿದ ತಟ್ಟೆ ಇಡ್ಲಿಯಂತೆ ಇರುತ್ತದೆ. ವಾರಗಳು ಕಳೆದಂತೆ ದತ್ತೂರದ ಕಾಯಿಯ ಹಾಗೆ ಮೈಯೆಲ್ಲ ಮುಳ್ಳಾಗುತ್ತದೆ. ಕೊನೆಗೆ ಗುಂಡಗೆ ಉಬ್ಬಿ ಒಡೆದುಹೋಗುತ್ತದೆ. ಯಾಕೆ ಹಾಗಾಗುತ್ತದೆ, ಆಗದಂತೆ ಏನು ಮಾಡಬಹುದು ಎಂದು ಅವಳು ಇಪ್ಪತ್ತು ವರ್ಷ ನೋಡಿದಳು. ಆ ಇಪ್ಪತ್ತು ವರ್ಷದಲ್ಲಿ ಅವಳಿಗೂ ಹೆಚ್ಚುಕಡಿಮೆ ಅದೇ ಆಯಿತು. ಮದುವೆಯ ಮಾತು ತಂದವರು ಮುಳ್ಳು ತಗುಲಿಸಿಕೊಂಡು ವಾಪಸ್ ಹೋದರು. ಪ್ರಬಂಧಗಳೇನೋ ಅಚ್ಚಾದವು. ಅವನ್ನು ಓದಿದವರು ಬರೆದವರಿಗಿಂತ ಕಡಿಮೆ ಇದ್ದರು, ಯಾಕೆಂದರೆ ಪ್ರತಿಯೊಂದರಲ್ಲೂ ಹೆಸರು ಹಾಕಿಸಿಕೊಂಡಿದ್ದ ಸಂಸ್ಥೆಯ ನಿರ್ದೇಶಕ ಸಂಜೀವಪ್ಪ ಒಂದನ್ನೂ ಓದಿರಲಿಲ್ಲ. ಸಂಜೀವಪ್ಪನ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ದೊಡ್ಡ ಕೆಂಪುಕಣವೊಂದು ಇತ್ತು. ನೋಡಲು ಬಂದವರಲ್ಲಿ ಹಲವರು ಅದನ್ನು ಬೂದಿಬಟ್ಟಲು ಎಂದುಕೊಂಡಿದ್ದರು. ಹಾಗಲ್ಲ ಎಂದು ತಿಳಿಹೇಳುವುದೇ ಅವನು ಆ ವರ್ಷಗಳಲ್ಲಿ ರಕ್ತದ ಬಗ್ಗೆ ಮಾಡಿದ ಮುಖ್ಯ ಕೆಲಸ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಬಳ್ಳಾಪುರದ ನರ್ಸಿಂಗ್ ಹೋಮೊಂದರಿಂದ ಅವಳ ಲ್ಯಾಬಿಗೆ ಒಂದು ಸ್ಯಾಂಪಲ್ ಬಂತು. ವರಲಕ್ಷ್ಮಮ್ಮ ಎಂಬ ಹೆಂಗಸು, ಐವತ್ತು ದಾಟಿದ್ದಾಳೆ, ಗಂಡನ ಸ್ಕೂಟರಿನ ಹಿಂದೆ ಕೂತು ಹೋಗುವಾಗ ರಸ್ತೆಯ ಹಂಪ್ ಒಂದನ್ನು ಗಂಡ ಗಮನಿಸದೆ ಇವಳು ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದಿದೆ. ಮೈಯಲ್ಲಿ ರಕ್ತ ಕಡಿಮೆ, ರಕ್ತ ಕೊಡದೆ ಆಪರೇಷನ್ ಆಗದು. ಗುಂಪು ಬಿ ಪಾಸಿಟಿವ್. ತಾಲ್ಲೂಕಿನಲ್ಲಿ ಕಲ್ಲೆಸೆದರೆ ಒಬ್ಬ ಬಿ ಪಾಸಿಟಿವ್‌ನವನಿಗೆ ಬೀಳುತ್ತದೆ. ಆದರೆ ಯಾವ ಬಾಟಲಿ ತಂದು ಹೊಂದಿಸಿ ನೋಡಿದರೂ ಹೊಂದುತ್ತಿಲ್ಲ.

ಬಿಂದುಶ್ರೀ ವರಲಕ್ಷ್ಮಮ್ಮನ ರಕ್ತದಿಂದ ಕಣಗಳನ್ನು ಬೇರ್ಪಡಿಸಿ ಉಳಿದ ತಿಳಿಯನ್ನು ತನ್ನಲ್ಲಿದ್ದ ಬಗೆಬಗೆಯ ಕೆಂಪುಕಣಗಳ ಜೊತೆ ಬೆರೆಸಿ ನೋಡಿದಳು. ಎಲ್ಲವೂ ಒಡೆದ ಹಾಲಿನಂತೆ ಗಂಟು ಗಂಟಾದವು. ಜೊತೆಯಲ್ಲಿ ಕೆಲಸ ಮಾಡುವವರ ರಕ್ತದ ಜೊತೆ ಬೆರೆಸಿದಳು, ಗಂಟು. ಕಣ್ಣು ಮುಚ್ಚಿಕೊಂಡು ತನ್ನದನ್ನೇ ತೆಗೆಸಿ ಬೆರೆಸಿದಳು, ಗಂಟು. ವರಲಕ್ಷ್ಮಮ್ಮನದೇ ಕೆಂಪುಕಣಗಳ ಜೊತೆ ಬೆರೆಸಿದಾಗ ಮಾತ್ರ ಏನೂ ಆಗಲಿಲ್ಲ. ಎಂದರೆ, ಲೋಕದ ಎಲ್ಲರ ಕೆಂಪುಕಣದ ಮೈಮೇಲೆ ಇರುವ ಏನೋ ಒಂದು ಈ ಹೆಂಗಸಿನದರಲ್ಲಿ ಇಲ್ಲ. ಪುಸ್ತಕಗಳಲ್ಲಿ ದಾಖಲಾದ ಅಂಥ ವಸ್ತುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದಳು. ಅವೆಲ್ಲ ಇದ್ದವು. ಇಲ್ಲದ್ದು ಇನ್ನೂ ಯಾರೂ ಹೆಸರಿಡದ ಯಾವುದೋ ಒಂದು. ಬಿಂದುಶ್ರೀ ಕುರ್ಚಿಯಲ್ಲಿ ಕೂತಳು. ಒಬ್ಬ ಹೆಂಗಸು ನೋವಿನಲ್ಲಿ ಮಲಗಿದ್ದಾಳೆ, ಅವಳಿಗೆ ಕೊಡಲು ಭೂಮಿಯ ಮೇಲೆ ರಕ್ತವಿಲ್ಲ ಎಂಬುದು ಖಚಿತವಾದ ಆ ಗಳಿಗೆಯಲ್ಲಿ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ನಾಚಿಕೆಯಾಗಿ ಎದ್ದು ಹೋಗಿ ಮುಖ ತೊಳೆದುಕೊಂಡಳು.

ಮಾರನೆಯ ದಿನ ಅವಳೇ ನರ್ಸಿಂಗ್ ಹೋಮಿಗೆ ಹೋದಳು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ವರಲಕ್ಷ್ಮಮ್ಮ ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದಳು.

“ನೀನು ಮಗ್ಗದ ಕೆಂಪರಾಜನ ಮಗಳಲ್ವಾ? ರಕ್ತ ಪರೀಕ್ಷೆ ಮಾಡೋಳು.”

“ಹೂಂ ಅಕ್ಕ.”

ಬಿಂದುಶ್ರೀ ಸ್ಟೂಲಿನ ಮೇಲೆ ಕೂತು ವಿಷಯ ವಿವರಿಸಿದಳು. ಮಗ್ಗದ ಮನೆಯಲ್ಲಿ ಬೆಳೆದವಳಾದ್ದರಿಂದ ಅವಳಿಗೆ ಮೆತ್ತಗೆ ಮಾತನಾಡಿ ಗೊತ್ತಿರಲಿಲ್ಲ. ವಾರ್ಡಿನ ರೋಗಿಗಳೆಲ್ಲ ಎದ್ದು ಕೂತು ಕೇಳಿಸಿಕೊಂಡರು. ನಿಮ್ಮಲ್ಲಿ ಇಲ್ಲದ ಆ ವಸ್ತು ನಿಮ್ಮ ಗಂಡನಲ್ಲಿದೆ, ಅವರಿಂದ ನಿಮ್ಮ ಮಕ್ಕಳಿಗೆ ಬಂದಿದೆ, ಹೆರಿಗೆಯ ಸಮಯದಲ್ಲಿ ಮಕ್ಕಳ ರಕ್ತ ಸ್ವಲ್ಪ ನಿಮ್ಮ ಮೈಗೆ ಸೇರಿದೆ, ಅಂದಿನಿಂದ ನಿಮ್ಮ ಮೈ ಅದನ್ನು ವೈರಿ ಎಂದು ಎಣಿಸಿ ಅದರ ಮೇಲೆ ಬೀಳುತ್ತಿದೆ ಎಂದಳು.

“ಅಂದ್ರೆ ಮೂವತ್ತು ವರ್ಷದಿಂದ ನನ್ನ ಮೈ ಈ ಯಪ್ಪನ ರಕ್ತದ ಮೇಲೆ ಜಗಳಕ್ಕೆ ನಿಂತೈತೆ ಅಂತ ತಾನೆ?” ಎಂದಳು ವರಲಕ್ಷ್ಮಮ್ಮ. “ಅದಕ್ಕೆ ಮಿಷನ್ನು ಯಾಕೆ ಬೇಕಿತ್ತವ್ವ? ನನ್ನ ಕೇಳಿದ್ದಿದ್ರೆ ನಾನೇ ಹೇಳ್ತಿದ್ನಲ್ಲ.”

ಮಂಚದ ಪಕ್ಕ ನಿಂತಿದ್ದ ಗಂಡ ಪಾಪಯ್ಯ, ಸ್ಕೂಟರು ಬಿಸಿಲಲ್ಲಿ ನಿಂತಿರಬಹುದು ನೋಡಿಬರುತ್ತೇನೆ ಎಂದು ಹೊರಗೆ ಹೋದ.

ಒಡಹುಟ್ಟಿದವರಲ್ಲಿ ಹೊಂದುವ ರಕ್ತ ಸಿಗುವ ಸಾಧ್ಯತೆ ಹೆಚ್ಚು. ವರಲಕ್ಷ್ಮಮ್ಮನ ತವರು ಸಾಸಲು. ಅಲ್ಲಿ ಅವಳ ಅಣ್ಣ ವೆಂಕಟರಾಯಪ್ಪನಿಗೆ ಸಾಕಷ್ಟು ಜಮೀನು, ದ್ರಾಕ್ಷಿ ತೋಟ, ಹೋಬಳಿಯಲ್ಲೆಲ್ಲ ನಡೆಯುವ ಮಾತು. ಪ್ರತಿ ವರ್ಷ ತನ್ನ ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ ಮಾಡಿಸುತ್ತಿದ್ದ. ಮಂಚದ ಮೇಲೆ ಮುಷ್ಟಿ ಬಿಗಿಹಿಡಿದು ಮಲಗಿರುವ ಅವನ ಫೋಟೊ ಪ್ರತಿ ವರ್ಷ ಫ್ಲೆಕ್ಸ್‌ಗಳಲ್ಲಿ ಬರುತ್ತಿತ್ತು. ಫೋಟೊ ತೆಗೆದಾದ ಮೇಲೆ ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ ಎಂಬುದು ಶಿಬಿರದ ನರ್ಸುಗಳಿಗೆ ಮಾತ್ರ ಗೊತ್ತಿದ್ದ ವಿಷಯ. ಈಗ ತಂಗಿಯ ಪ್ರಾಣದ ಪ್ರಶ್ನೆ. ಬಿಳಿ ಅಂಗಿಯ ತೋಳು ಮಡಿಸಿ ಕುಳಿತವನ ಮುಖ ಸೂಜಿ ಕಂಡ ಕೂಡಲೇ ಬಿಳುಚಿಕೊಂಡಿತು. ಬಿಂದುಶ್ರೀಗೆ ಆ ಮುಖದ ಪರಿಚಯ ಚೆನ್ನಾಗಿ ಇತ್ತು. ಅವನು ಬೀಳುವ ಮೊದಲೇ ಬೆನ್ನಿಗೆ ಕೈಕೊಟ್ಟಳು.

ಅವನ ರಕ್ತ ಹೊಂದಲಿಲ್ಲ. ಗೌರಿಬಿದನೂರಿಗೆ ಕೊಟ್ಟಿದ್ದ ಇನ್ನೊಬ್ಬ ತಂಗಿಯದೂ ಹೊಂದಲಿಲ್ಲ. ತನ್ನ ರಕ್ತಕ್ಕೆ ಏನು ದೋಷ ಎಂದು ವೆಂಕಟರಾಯಪ್ಪ ಕೇಳಿದ. ದೋಷವೇನೂ ಇಲ್ಲ, ಲೋಕದಲ್ಲಿ ಎಲ್ಲರಿಗೂ ಇರುವಂಥದ್ದೇ ನಿಮ್ಮದೂ ಎಂದು ಬಿಂದುಶ್ರೀ ಸಮಾಧಾನ ಹೇಳಿದಳು. ಸೂಜಿಗಿಂತ ಆ ಮಾತು ಅವನಿಗೆ ಹೆಚ್ಚು ಚುಚ್ಚಿತು. ನೀನು ಎಲ್ಲರಂತೆ ಎಂದು ಅದುವರೆಗೆ ಅವನಿಗೆ ಯಾರೂ ಹೇಳಿರಲಿಲ್ಲ.

ಆ ಹಟಕ್ಕೇ ಇರಬೇಕು, ಅವನು ಸಾಸಲಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ತನ್ನ ದಾಯಾದಿಗಳು, ಬೀಗರು, ನೆಂಟರು ಎಲ್ಲರನ್ನೂ ಸೇರಿಸಿದ. ಬಿಂದುಶ್ರೀ ಲ್ಯಾಬಿನವರೊಂದಿಗೆ ಬಂದು ಬೆಳಗಿನಿಂದ ಸ್ಯಾಂಪಲ್ ತೆಗೆಸಿದಳು. ಶಾಲೆಯ ಎದುರು ನಿಲ್ಲುವ ಸರ್ಕಾರಿ ಬಸ್ಸಿನ ಡ್ರೈವರ್ ಲಕ್ಷ್ಮಯ್ಯ, ಬಸ್ ಹೊರಡಲು ಹೊತ್ತಿದ್ದುದರಿಂದ ಒಳಗೆ ಬಂದು, ಪುಕ್ಕಟೆ ಶುಗರ್ ನೋಡುತ್ತಾರೆ ಎಂದುಕೊಂಡು ಸಾಲಿನಲ್ಲಿ ನಿಂತು ಕೈ ಚಾಚಿದ. ಅವನು ಅದೇ ಊರಿನ ಕಾಲೊನಿಯವನು. ವೆಂಕಟರಾಯಪ್ಪನ ಬಳಗಕ್ಕೆ ಸೇರಿದವನಲ್ಲ. ಆ ಬಳಗದ ಹಿರಿಯರು ಕಾಲೊನಿಯವರನ್ನು ಹೊಸಿಲು ದಾಟಿಸಿದವರೂ ಅಲ್ಲ. ಮಧ್ಯಾಹ್ನದ ಬಿಸಿಲಿಗೆ ಸುಸ್ತಾಗಿದ್ದ ನರ್ಸ್ ಏನೂ ಕೇಳದೆ ಅವನ ರಕ್ತವನ್ನೂ ತೆಗೆದಳು.

ಲ್ಯಾಬಿನಲ್ಲಿ ವೆಂಕಟರಾಯಪ್ಪನ ಇಡೀ ಬಳಗ ಗಂಟು ಗಂಟಾಯಿತು. ಒಂದೇ ಒಂದು ಟ್ಯೂಬು ತಿಳಿಯಾಗಿ ನಿಂತಿತ್ತು. ಅದಕ್ಕೆ ವರಲಕ್ಷ್ಮಮ್ಮನ ರಕ್ತದ ತಿಳಿ ಹಾಕುವುದನ್ನೇ ಮರೆತಿರಬೇಕೆಂದು ಬಿಂದುಶ್ರೀ ಮತ್ತೆ ಮಾಡಿಸಿದಳು, ಆಮೇಲೆ ತಾನೇ ಮಾಡಿದಳು. ತಿಳಿಯಾಗಿಯೇ ಇತ್ತು. ಗುಂಪೂ ಬಿ ಪಾಸಿಟಿವ್. ಹೆಸರು ನೋಡಿದಳು.

ಲಕ್ಷ್ಮಯ್ಯನ ಮನೆಗೆ ಹೋದಾಗ ಅವನು ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಹೆಂಡತಿ ದ್ಯಾವಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತನ್ನ ರಕ್ತ ದೇಶದಲ್ಲೇ ಅಪರೂಪದ್ದು ಎಂದು ಕೇಳಿ ಲಕ್ಷ್ಮಯ್ಯ ಹಿಗ್ಗಿದ. ಶುಗರ್ ಎಷ್ಟಿದೆ ಎಂದು ಕೇಳಿದ. ಅದನ್ನು ನೋಡಲಿಲ್ಲ ಎಂದಾಗ ಸ್ವಲ್ಪ ಬೇಜಾರು ಮಾಡಿಕೊಂಡ. ರೋಗಿ ಯಾರೆಂದು ಬಿಂದುಶ್ರೀ ಹೇಳುವ ಹಾಗಿರಲಿಲ್ಲ, ಹೇಳಲೂ ಇಲ್ಲ. ಆದರೆ ಯಾರ ಸೊಂಟಕ್ಕಾಗಿ ಯಾರು ಶಾಮಿಯಾನ ಹಾಕಿಸಿದ್ದರು ಎಂಬುದು ಸಾಸಲಿನ ನಾಯಿಗಳಿಗೂ ತಿಳಿದಿತ್ತು.

“ಅಲ್ಲ ಮೇಡಂ, ಅವರ ನೆಂಟರಿಷ್ಟರ ಯಾರಲ್ಲೂ ಇಲ್ದೇ ಇರೋದು ನನ್ನಲ್ಲಿ ಹೆಂಗೆ ಬಂತು?” ಎಂದು ಅವನು ಕೇಳಿದ.

ಇಂಥದ್ದು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣುತ್ತದೆ, ಇಷ್ಟು ಅಪರೂಪದ್ದು ಒಂದೇ ಊರಿನ ಎರಡು ಮನೆಯಲ್ಲಿ ಕಂಡರೆ ಯಾವುದೋ ಕಾಲದಲ್ಲಿ ಎರಡೂ ಮನೆಗೆ ಪೂರ್ವಿಕರೊಬ್ಬರು ಒಂದೇ ಇದ್ದಿರಬಹುದು ಎಂದು ಬಿಂದುಶ್ರೀ ವಿವರಿಸಿದಳು. ಅವಳು ಮೆತ್ತಗೆ ಹೇಳಿದೆನೆಂದೇ ತಿಳಿದಿದ್ದಳು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು.

ಲಕ್ಷ್ಮಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕ. “ಅದೇನು ರಕ್ತ ಪರೀಕ್ಷೆ ಮಾಡಿ ಕಂಡುಹಿಡಿಯೋ ಅಂಥ ವಿಷ್ಯ ಅಲ್ಲ ಬಿಡಿ ಮೇಡಂ.”

ದ್ಯಾವಮ್ಮ ನಗಲಿಲ್ಲ. ಅವಳು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಿನ ಕೆಲವರು ತಮ್ಮ ಮಕ್ಕಳಿಗೆ ಶಾಲೆಯಲ್ಲಿ ಉಣ್ಣಬೇಡಿ ಎಂದು ಹೇಳಿ ಡಬ್ಬಿ ಕೊಟ್ಟು ಕಳಿಸುತ್ತಿದ್ದರು. ಅದರಲ್ಲಿ ಮುಂದೆ ನಿಂತಿದ್ದವನು ವೆಂಕಟರಾಯಪ್ಪ. ಅಧಿಕಾರಿಗಳು ಬಂದರು, ಸಭೆಗಳಾದವು; ಕೊನೆಗೆ ಸಾರಿನ ವಾಸನೆಗೆ ಮಕ್ಕಳೇ ಡಬ್ಬಿ ಮುಚ್ಚಿಟ್ಟು ತಟ್ಟೆ ಹಿಡಿದು ಕೂತಿದ್ದರಿಂದ ಅದು ತಣ್ಣಗಾಯಿತು.

“ನಾನು ಮಾಡಿದ ಸಾರು ಬ್ಯಾಡ, ನನ್ನ ಗಂಡನ ರಕ್ತ ಬೇಕಾ ಅವ್ರಿಗೆ?” ಎಂದಳು ದ್ಯಾವಮ್ಮ.

ಆ ಹೆಂಗಸು ಮದುವೆಯಾಗಿ ಊರು ಬಿಟ್ಟು ಎಷ್ಟೋ ಕಾಲವಾಗಿದೆ, ಆ ಗಲಾಟೆಗೂ ಅವಳಿಗೂ ಸಂಬಂಧವಿಲ್ಲ ಎಂದು ಬಿಂದುಶ್ರೀ ಏನೋ ಹೇಳಿದಳು. ದ್ಯಾವಮ್ಮ ಮಡಿಲಲ್ಲಿದ್ದ ಅವರೆಕಾಯೆಲ್ಲ ಸುಲಿದು ಮುಗಿಸಿದಳು.

“ಕೊಡ್ಲಿ. ಬ್ಯಾಡ ಅನ್ನಲ್ಲ,” ಎಂದಳು ಆಮೇಲೆ. “ಆದ್ರೆ ಆ ಯಮ್ಮ ಆಸ್ಪತ್ರೇಲಿ ಇರೋಗಂಟ ಊಟ ನಮ್ಮನೆಯಿಂದ ಹೋಗ್ಬೇಕು. ನರಕ್ಕೂ ನಮ್ದೇ ಹೋಗ್ಲಿ, ಹೊಟ್ಟೆಗೂ ನಮ್ದೇ ಹೋಗ್ಲಿ.”

ರಕ್ತದಾನಕ್ಕೆ ಪ್ರತಿಯಾಗಿ ದಾನಿ ಏನನ್ನೂ ಪಡೆಯಬಾರದು ಎಂಬ ನಿಯಮವಿದೆ. ರೋಗಿಗೆ ದಾನಿಯ ಮನೆಯವರು ಬಲವಂತವಾಗಿ ಉಣ್ಣಿಸಬಾರದು ಎಂಬ ನಿಯಮವನ್ನು ಯಾರೂ ಬರೆದಿರಲಿಲ್ಲ. ಬಿಂದುಶ್ರೀ ಒಪ್ಪಿಕೊಂಡಳು.

ದಾನಿಯ ಗುರುತನ್ನು ಗುಟ್ಟಾಗಿಡುವುದು ಪದ್ಧತಿ. ಗುಟ್ಟು ಲಕ್ಷ್ಮಯ್ಯನದೇ ಆದ್ದರಿಂದ ಅವನೇ ಮರುದಿನ ಬೆಳಗಿನ ಟ್ರಿಪ್ಪಿನಲ್ಲಿ, ಸಾಸಲಿನಿಂದ ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ, ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿ ಮುಗಿಸಿದ. ವೆಂಕಟರಾಯಪ್ಪ ನರ್ಸಿಂಗ್ ಹೋಮಿಗೆ ಧಾವಿಸಿ ಬಂದ. ಬಿಂದುಶ್ರೀಯನ್ನು ಮೂಲೆಗೆ ಕರೆದು, ಬೇರೆ ಜಿಲ್ಲೆಯಲ್ಲಿ ಹುಡುಕಬಾರದೆ, ಬೇರೆ ರಾಜ್ಯದಲ್ಲಿ ಹುಡುಕಬಾರದೆ, ಫಾರಿನ್ನಿನಲ್ಲಿ ಯಾರಾದರೂ ಇರಬಹುದಲ್ಲ ಎಂದು ವಾದಿಸಿದ. ಜರ್ಮನಿಯವನಾದರೆ ನಿಮಗೆ ಅಡ್ಡಿಯಿಲ್ಲವೇ ಎಂದು ಅವಳು ಕೇಳಿದಳು. ಜರ್ಮನಿಯವರು ಯಾವ ಜಾತಿ ಎಂದು ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದು ಅವನು ನಿಜವನ್ನೇ ಹೇಳಿದ. ಇದೆಲ್ಲ ವಾರ್ಡಿನ ಒಳಗೆ ಕೇಳಿಸುತ್ತಿತ್ತು. ವರಲಕ್ಷ್ಮಮ್ಮ ಅಣ್ಣನನ್ನು ಒಳಗೆ ಕರೆದಳು.

“ಅಣ್ಣಾ, ಮುರಿದಿರೋದು ನನ್ನ ಸೊಂಟ. ನಿನ್ನ ಮರ್ಯಾದೆ ಏನಾರ ಮುರಿದಿದ್ರೆ ಅದಕ್ಕೆ ಬೇರೆ ಡಾಕ್ಟ್ರನ್ನ ನೋಡ್ಕೋ.”

ಆಪರೇಷನ್ನಿನ ಹಿಂದಿನ ದಿನ ಲಕ್ಷ್ಮಯ್ಯ ಕೊಟ್ಟ ಬಾಟಲಿಯನ್ನು ಏರಿಸಿದರು. ತಾನು ಇರಲೇಬೇಕೆಂದು ಬಿಂದುಶ್ರೀ ಬಂದು ಮಂಚದ ಪಕ್ಕ ಕೂತಳು. ಇಷ್ಟು ವರ್ಷ ಕೆಂಪುಕಣಗಳನ್ನು ಗಾಜಿನ ಮೇಲೆ ನೋಡಿದ್ದಳು, ಫ್ರಿಜ್ಜಿನಲ್ಲಿ ನೋಡಿದ್ದಳು, ಚಿತ್ರಗಳಲ್ಲಿ ನೋಡಿದ್ದಳು. ಒಬ್ಬರಿಂದ ಹೊರಟು ಇನ್ನೊಬ್ಬರೊಳಗೆ ಹೋಗುವುದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪೈಪಿನೊಳಗೆ ಮೊದಲ ಕೆಂಪು ಇಳಿಯುವಾಗ ಅವಳು ಸ್ಟೂಲನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡಳು. ಲೆಕ್ಕ ತಪ್ಪಿದ್ದರೆ ಚಳಿ ಹುಟ್ಟುತ್ತದೆ, ಬೆನ್ನು ನೋಯುತ್ತದೆ, ಮೂತ್ರಪಿಂಡ ಕೈಕೊಡುತ್ತದೆ, ಹೆಂಗಸು ಹೋಗಿಬಿಡುತ್ತಾಳೆ. ತನ್ನ ಟ್ಯೂಬುಗಳನ್ನು ಅವಳು ನಂಬಿದ್ದಳು, ಆದರೂ ವರಲಕ್ಷ್ಮಮ್ಮನ ಮುಖದಿಂದ ಕಣ್ಣು ಕೀಳಲಿಲ್ಲ. ತಲೆ ತಿರುಗುವುದನ್ನೂ ಮರೆತಿದ್ದಳು.

ಅರ್ಧ ಬಾಟಲಿ ಇಳಿದಾಗ ವರಲಕ್ಷ್ಮಮ್ಮ ಕಣ್ಣು ತೆರೆದು, ಲಕ್ಷ್ಮಯ್ಯ ಬಸ್ಸನ್ನು ಜೋರಾಗಿ ಓಡಿಸುತ್ತಾನಾ ಎಂದು ಕೇಳಿದಳು. ಯಾಕೆ ಎಂದಳು ಬಿಂದುಶ್ರೀ.

“ಎದೆ ಗಡಗಡ ಅಂತೈತೆ.”

ಬಿಂದುಶ್ರೀ ಹಾರಿಬಿದ್ದು ನಾಡಿ ಹಿಡಿದಳು, ಜ್ವರ ನೋಡಿದಳು, ನರ್ಸನ್ನು ಕೂಗಿದಳು. ಎಲ್ಲ ಸರಿಯಾಗಿತ್ತು. ವರಲಕ್ಷ್ಮಮ್ಮ ದಿಂಬಿಗೆ ಮುಖ ಒತ್ತಿ ನಗುತ್ತಿದ್ದಳು. ಸೊಂಟ ನೋಯುವಷ್ಟು ನಕ್ಕು, ಆಮೇಲೆ ನೋವಿಗೆ ಬಿಂದುಶ್ರೀಯನ್ನೇ ಬೈದಳು.

ಆಪರೇಷನ್ ಚೆನ್ನಾಗಿ ಆಯಿತು. ಊಟ ಬಸ್ಸಿನಲ್ಲೇ ಬರುತ್ತಿತ್ತು. ಮೊದಲ ದಿನ ಮುದ್ದೆ, ಅವರೆಕಾಳು ಸಾರು. ವರಲಕ್ಷ್ಮಮ್ಮ ಪೂರ್ತಿ ಉಂಡು, ಉಪ್ಪು ಕಮ್ಮಿ ಎಂದು ಹೇಳಿ ಕಳಿಸಿದಳು. ಮರುದಿನ ದ್ಯಾವಮ್ಮ ಕ್ಯಾರಿಯರ್ ಜೊತೆ ಉಪ್ಪಿನ ಪ್ಯಾಕೆಟ್ಟನ್ನೇ ಕಳಿಸಿದಳು. ಹುಳಿ ಜಾಸ್ತಿ ಎಂದರೆ ಮಾರನೆಯ ದಿನ ಸಪ್ಪೆ ಸಾರು ಬಂತು. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಜಗಳವಾಡಿದರು. ನಡುವೆ ಲಕ್ಷ್ಮಯ್ಯ ಎರಡೂ ಕಡೆಯ ಬೈಗುಳ ಹೊತ್ತು ಓಡಾಡಿದ. ರಕ್ತ ಕೊಟ್ಟಿದ್ದೇ ಸುಲಭವಾಗಿತ್ತು ಎಂದು ಅವನು ಬಿಂದುಶ್ರೀ ಮುಂದೆ ಹೇಳಿಕೊಂಡ. ಒಂದು ಮಧ್ಯಾಹ್ನ ವೆಂಕಟರಾಯಪ್ಪ ಊಟದ ಹೊತ್ತಿಗೇ ಬಂದ. ಸಾರಿಗೆ ಉಪ್ಪು ಸರಿಯಿದೆಯಾ ನೋಡು ಎಂದು ತಂಗಿ ಬಟ್ಟಲು ಮುಂದೆ ಹಿಡಿದಳು. ಅವನು ಬಟ್ಟಲನ್ನೂ ತಂಗಿಯನ್ನೂ ನೋಡಿ, ತನಗೆ ಬಿ.ಪಿ. ಇದೆ, ಡಾಕ್ಟರು ಉಪ್ಪು ಮುಟ್ಟಬೇಡ ಎಂದಿದ್ದಾರೆ ಎಂದು ಹೇಳಿ ಹೊರಟುಹೋದ.

ಇಷ್ಟಾದ ಮೇಲೆ ಆ ಹೊಸ ವಸ್ತುವಿಗೆ ಹೆಸರಿಡುವ ಪ್ರಶ್ನೆ ಬಂತು. ರಕ್ತದ ವಸ್ತುಗಳಿಗೆ ಅವು ಮೊದಲು ಪತ್ತೆಯಾದ ರೋಗಿಯ ಅಥವಾ ಮನೆತನದ ಹೆಸರಿಡುವ ರೂಢಿ ಹಿಂದಿನಿಂದ ಇದೆ. ಸಂಜೀವಪ್ಪ ಎಷ್ಟೋ ವರ್ಷಗಳ ಮೇಲೆ ಲ್ಯಾಬಿಗೆ ಇಳಿದು ಬಂದು, ಬಿಳಿ ಕೋಟು ಎರವಲು ಹಾಕಿಕೊಂಡು, ಮೈಕ್ರೋಸ್ಕೋಪಿನ ಮುಂದೆ ಫೋಟೊ ತೆಗೆಸಿಕೊಂಡ. ಸಂಸ್ಥೆಯ ಗೌರವ ಸೂಚಿಸುವ ಹೆಸರಿರಲಿ ಎಂದು ಸಲಹೆ ಕೊಟ್ಟ. ಅವನು ಸೂಚಿಸಿದ ಅಕ್ಷರಗಳು ಅವನ ಇನಿಷಿಯಲ್ಲುಗಳೂ ಆಗಿದ್ದವು.

ಅಷ್ಟರಲ್ಲಿ ವರಲಕ್ಷ್ಮಮ್ಮನ ಮಗ ಆನಂದ್ ಮೊಬೈಲಿನಲ್ಲಿ ಈ ರೂಢಿಯ ಬಗ್ಗೆ ಓದಿ ಸೋದರಮಾವನಿಗೆ ತಿಳಿಸಿದ್ದ. ವೆಂಕಟರಾಯಪ್ಪ ದ್ರಾಕ್ಷಿ ಬುಟ್ಟಿ ಹಿಡಿದುಕೊಂಡು ಸಂಸ್ಥೆಗೆ ಬಂದ. ಪ್ರಪಂಚದ ಪುಸ್ತಕಗಳಲ್ಲಿ ತನ್ನ ತಂದೆಯ ಹೆಸರು ಬರಲಿ ಎಂದು ಸಂಜೀವಪ್ಪನನ್ನು ಕೇಳಿಕೊಂಡ. ಆ ವಸ್ತು ನಿಮ್ಮಲ್ಲಿ ಎಲ್ಲರಂತೆ ಇದೆ, ಇಲ್ಲದಿರುವುದಷ್ಟೇ ವಿಶೇಷ ಎಂದು ಬಿಂದುಶ್ರೀ ಇನ್ನೊಮ್ಮೆ ಹೇಳಬೇಕಾಯಿತು. ತಂಗಿಯಲ್ಲಿ ಇಲ್ಲದ್ದು ತವರಿಗೂ ಸೇರಿದ್ದೇ ಎಂದು ಅವನು ಪಟ್ಟು ಹಿಡಿದ.

ಬಿಂದುಶ್ರೀ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಎರಡೂ ಮನೆಗಳ ವಂಶದ ಚಿತ್ರ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಎಡಗಡೆ ವೆಂಕಟರಾಯಪ್ಪನ ಮನೆ, ಬಲಗಡೆ ಲಕ್ಷ್ಮಯ್ಯನ ಮನೆ. ಎರಡೂ ಕಡೆಯಿಂದ ಚುಕ್ಕೆಗೆರೆಗಳು ಮೇಲಕ್ಕೆ ಹೋಗಿ ಒಂದೇ ಕಡೆ ಸೇರಿದ್ದವು. ನಿಮ್ಮ ಮನೆತನದ ಹೆಸರಿಟ್ಟರೆ ಈ ಚಿತ್ರವೂ ಅದೇ ಹೆಸರಿನೊಂದಿಗೆ ಅಚ್ಚಾಗುತ್ತದೆ, ಒಪ್ಪಿಗೆಯಿದ್ದರೆ ಸಹಿ ಮಾಡಿ ಎಂದಳು.

ವೆಂಕಟರಾಯಪ್ಪ ಕನ್ನಡಕ ಹಾಕಿಕೊಂಡು ಹಾಳೆಯನ್ನು ತುಂಬಾ ಹೊತ್ತು ನೋಡಿದ.

“ಮೇಲಿರೋದು ನಮ್ಮ ಮುತ್ತಾತನಾ, ಅವರ ಮುತ್ತಾತನಾ?”

“ಮೇಲಿರೋದು ಒಬ್ರೇ. ಯಾರ ಮನೆಯವರು ಅಂತ ಗೊತ್ತಿಲ್ಲ. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಅದಕ್ಕೇ ಚೌಕಾನೂ ಹಾಕ್ದೆ ಸೊನ್ನೇನೂ ಹಾಕ್ದೆ ವಜ್ರದ ಆಕಾರ ಹಾಕಿದೀವಿ.”

“ವಜ್ರ,” ಎಂದ ವೆಂಕಟರಾಯಪ್ಪ. ಆ ಪದ ಅವನಿಗೆ ಸ್ವಲ್ಪ ಹಿಡಿಸಿತು. ಆಮೇಲೆ ಕಣ್ಣು ಮತ್ತೆ ಚುಕ್ಕೆಗೆರೆಯ ಮೇಲೆ ಇಳಿಯಿತು. ಎರಡು ಮನೆಗೂ ಸಂಬಂಧವಿಲ್ಲ ಎಂದು ಬರೆಯಲು ಆಗುವುದಿಲ್ಲವೇ ಎಂದು ಸಂಜೀವಪ್ಪನ ಕಡೆ ತಿರುಗಿ ಕೇಳಿದ. ಸಂಜೀವಪ್ಪ ದ್ರಾಕ್ಷಿ ತಿನ್ನುತ್ತಿದ್ದ. ಸಂಬಂಧವಿಲ್ಲದ ಎರಡು ಮನೆಗಳಲ್ಲಿ ಸಿಕ್ಕಿತು ಎಂದರೆ ಪ್ರಬಂಧಕ್ಕೂ ತೂಕ ಬರುತ್ತದೆ, ಯೋಚಿಸಬಹುದು ಎಂದ.

“ಸರ್, ಆ ವಸ್ತು ಮಾಡೋ ಜಾಗದಲ್ಲಿ ವರಲಕ್ಷ್ಮಮ್ಮ, ಲಕ್ಷ್ಮಯ್ಯ ಇಬ್ಬರ ಡಿಎನ್ಎನೂ ಒಂದೇ ಅಚ್ಚು,” ಎಂದಳು ಬಿಂದುಶ್ರೀ. ಮಹಡಿಯ ಕೆಳಗಿನ ಕ್ಯಾಂಟೀನಿನವರೂ ಕತ್ತೆತ್ತಿ ನೋಡಿದರು. “ಸಂಬಂಧ ಇಲ್ಲ ಅಂತ ಬರೆದ್ರೆ ನೋಡಿದೋರು ನಗ್ತಾರೆ. ನಗೋದು ಇವರನ್ನ ನೋಡಿ ಅಲ್ಲ, ನನ್ನನ್ನ ನೋಡಿ. ಹಂಗೆ ಬರೆಯೋದಾದ್ರೆ ನನ್ನ ಹೆಸರು ತೆಗೀರಿ. ಆಮೇಲೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ ನೀವೇ ಉತ್ತರ ಹೇಳಿ.”

ಪ್ರಶ್ನೆ ಕೇಳುತ್ತಾರೆ ಎಂಬ ಮಾತಿಗೆ ಸಂಜೀವಪ್ಪನ ಗಂಟಲಲ್ಲಿ ದ್ರಾಕ್ಷಿ ಸಿಕ್ಕಿಕೊಂಡಿತು. ಅವಳು ಬೆನ್ನಿಗೆ ಗುದ್ದಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಚಿತ್ರ ಇದ್ದ ಹಾಗೇ ಇರಲಿ ಎಂದು ತೀರ್ಮಾನವಾಯಿತು. ವೆಂಕಟರಾಯಪ್ಪ ಸಹಿ ಮಾಡಲಿಲ್ಲ. ಅವನ ಮನೆಯ ಚೌಕ ಸೊನ್ನೆಗಳು ಹೆಸರಿಲ್ಲದೆ ಅಚ್ಚಾದವು.

ವರಲಕ್ಷ್ಮಮ್ಮನನ್ನು ಕೇಳಿದಾಗ ಅಪ್ಪನ ಮನೆಯ ಹೆಸರೂ ಬೇಡ, ಗಂಡನ ಮನೆಯ ಹೆಸರೂ ಬೇಡ, ಇಲ್ಲದಿರುವುದಕ್ಕೆ ಹೆಸರು ಯಾಕೆ ಎಂದಳು. ಲಕ್ಷ್ಮಯ್ಯ ತನ್ನ ಹೆಸರಿಗೆ ಅಡ್ಡಿಯಿಲ್ಲ ಎಂದ; ದ್ಯಾವಮ್ಮ ಬೇಡವೆಂದಳು. ಬಿಂದುಶ್ರೀ ‘ಸಾಸಲು’ ಎಂಬ ಹೆಸರು ಬರೆದು ಅಂತರರಾಷ್ಟ್ರೀಯ ಸಮಿತಿಗೆ ಕಳಿಸಿದಳು. ತಿಂಗಳುಗಳಾದ ಮೇಲೆ ಸಮಿತಿಯಿಂದ ಉತ್ತರ ಬಂತು: ಶೋಧನೆ ನಿಜ, ಅಭಿನಂದನೆ, ಆದರೆ ಹೆಸರಿಡುವುದಕ್ಕೆ ಇನ್ನೂ ಹೆಚ್ಚಿನ ಆಧಾರ ಬೇಕು, ಅಲ್ಲಿಯವರೆಗೆ ಒಂದು ನಂಬರು. ನಂಬರಿನ ಮುಂದೆ ಸಾಲಾಗಿ ಸೊನ್ನೆಗಳಿದ್ದವು. ಬಿಂದುಶ್ರೀಗೆ ಬೇಸರವಾಯಿತು. ಹೆಸರಿಗಾಗಿಯೇ ಅವಳು ಒಳಗೊಳಗೆ ಕಾದಿದ್ದಳು. ಸಾಸಲು ಎನ್ನುವುದರ ಪಕ್ಕ ಕಂಸದಲ್ಲಿ ತನ್ನ ಹೆಸರು ಬರುವುದನ್ನು ಕನಸಿನಲ್ಲಿ ಕಂಡಿದ್ದಳು. ವಿಷಯ ತಿಳಿದ ವೆಂಕಟರಾಯಪ್ಪ ಫೋನ್ ಮಾಡಿ, ಫ್ಯಾನ್ಸಿ ನಂಬರ್ ಸಿಗುವುದಿಲ್ಲವೇ, ಆರ್‌ಟಿಓದಲ್ಲಿ ಕಾರಿಗೆ ಕೊಡುತ್ತಾರಲ್ಲ ಎಂದು ಕೇಳಿದ. ಅದನ್ನು ಕೇಳಿದ ಮೇಲೆ ಬೇಸರ ಹಿಡಿದಿಟ್ಟುಕೊಳ್ಳುವುದು ಅವಳಿಗೆ ಕಷ್ಟವಾಯಿತು.

ವರಲಕ್ಷ್ಮಮ್ಮ ಈಗ ವಾಕರ್ ಬಿಟ್ಟು ನಡೆಯುತ್ತಾಳೆ. ಸ್ಕೂಟರ್ ಮಾತ್ರ ಹತ್ತುವುದಿಲ್ಲ. ಲಕ್ಷ್ಮಯ್ಯ ಆಗಾಗ ಬಂದು ರಕ್ತ ಕೊಟ್ಟು ಹೋಗುತ್ತಾನೆ. ಬಿಂದುಶ್ರೀ ಅದನ್ನು ವರ್ಷಗಟ್ಟಲೆ ಕೆಡದಂತೆ ಹೆಪ್ಪುಗಟ್ಟಿಸಿ ಇಡುತ್ತಾಳೆ. ಬಂದಾಗಲೆಲ್ಲ ಅವನ ಶುಗರ್ ನೋಡಲೇಬೇಕು, ಅದು ಅವನ ಷರತ್ತು. ಆ ಬಾಟಲಿಗಳಲ್ಲೊಂದು ಈ ಬೇಸಗೆಯಲ್ಲಿ ಹಿಂದೂಪುರಕ್ಕೆ ಹೋಯಿತು. ಅಲ್ಲಿ ಬಸುರಿ ಹೆಂಗಸೊಬ್ಬಳಿಗೆ ಯಾರ ರಕ್ತವೂ ಹೊಂದದೆ ವೈದ್ಯರು ದಿಕ್ಕು ತೋಚದೆ ಕೂತಿದ್ದರು, ಯಾರೋ ಬಿಂದುಶ್ರೀಯ ಪ್ರಬಂಧ ಓದಿದ್ದರು. ಅವಳ ಪ್ರಬಂಧವನ್ನು ಒಬ್ಬರು ಓದಿ, ಅದರಿಂದ ಒಬ್ಬರು ಬದುಕಿದ್ದು ಅದೇ ಮೊದಲು. ತಾಯಿ ಮಗು ಚೆನ್ನಾಗಿದ್ದಾರೆ ಎಂದು ತೆಲುಗಿನಲ್ಲಿ ಫೋನ್ ಬಂದ ದಿನ ಬಿಂದುಶ್ರೀ ಲ್ಯಾಬಿನವರಿಗೆಲ್ಲ ಮಸಾಲೆ ದೋಸೆ ಕೊಡಿಸಿದಳು. ಆಮೇಲೆ ಹಾಳೆ ತೆಗೆದು ಹಳೆಯ ಚಿತ್ರಕ್ಕೆ ಮೂರನೆಯ ಮನೆಯೊಂದನ್ನು ಸೇರಿಸಿದಳು. ವಜ್ರ ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹೋಯಿತು.

ಮೂರನೆಯ ಮನೆಯ ನೆಂಟರ ರಕ್ತ ತರಲು ಅವಳು ಮೊನ್ನೆ ಭಾನುವಾರ ಹಿಂದೂಪುರದ ರೈಲು ಹತ್ತಿದಳು. ತೊಡೆಯ ಮೇಲಿಡಲಾಗದಷ್ಟು ದೊಡ್ಡ ಐಸ್ ಪೆಟ್ಟಿಗೆ. ಬೋಗಿಯ ತುಂಬ ಮಾಕಳಿದುರ್ಗ ಹತ್ತಲು ಹೊರಟಿದ್ದ ಬೆಂಗಳೂರಿನ ಹುಡುಗ ಹುಡುಗಿಯರು, ಕೂರಲು ಜಾಗವಿರಲಿಲ್ಲ. ಅವರಲ್ಲೊಬ್ಬ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತ, ಆಂಟಿ, ಒಳಗೆ ಐಸ್‌ಕ್ರೀಮಾ ಎಂದು ಕೇಳಿದ.

“ಇಲ್ಲಪ್ಪ, ಈಗ ಖಾಲಿ,” ಎಂದಳು ಬಿಂದುಶ್ರೀ. “ವಾಪಸ್ ಬರೋವಾಗ ರಕ್ತ ಇರುತ್ತೆ.”

ಅವಳು ಎಂದಿನಂತೆ ಕೂಗಿಯೇ ಹೇಳಿದ್ದಳು. ಮೂವರು ಎದ್ದು ನಿಂತರು. ಬಿಂದುಶ್ರೀ ಕಿಟಕಿಯ ಪಕ್ಕ ಕೂತು, ಪೆಟ್ಟಿಗೆಯನ್ನು ಖಾಲಿಯಾದ ಜಾಗದಲ್ಲಿ ಇಟ್ಟು, ಕಾಲು ಚಾಚಿದಳು.